ಎರಡು ಎಕರೆ ರೊಟ್ಟಿ

ಎಲ್ಲರೂ 1972ರ ಬರ ಅನ್ನುತ್ತಾರೆ. ನಮ್ಮ ಮನೆಯ ಲೆಕ್ಕದಲ್ಲಿ ಅದು 1973ರದು. ಸೊಲ್ಲಾಪುರ, ಅಕ್ಕಲಕೋಟೆ ಕಡೆ ನಾವು ಉಣ್ಣುವ ಬಿಳಿಜೋಳ ಹಿಂಗಾರಿನ ಬೆಳೆ. ಉತ್ತರಿ, ಹಸ್ತ ಮಳೆಗೆ ಬಿತ್ತಿದರೆ ಕಾಳು ಮನೆ ಕಾಣುವುದು ಶಿವರಾತ್ರಿಯ ಆಚೀಚೆ. 1973ರಲ್ಲಿ ಮುಂಗಾರು ಬಂತು, ಹಳ್ಳ ಹರಿಯಿತು, ಎಮ್ಮೆಗೆ ಹಸಿ ಹುಲ್ಲಾಯಿತು. ಬರದ ಕಾಮಗಾರಿಯಲ್ಲಿ ಖಡಿ ಒಡೆಯಲು ಹೋಗುತ್ತಿದ್ದ ಹೆಂಗಸರು ಸುತ್ತಿಗೆ ಮೂಲೆಗಿಟ್ಟು ಕಳೆ ತೆಗೆಯಲು ಹೋದರು. ಸರಕಾರದ ಸುಕಡಿ ತಿಂದು ಬೇಸತ್ತಿದ್ದ ನಾವು ಹುಡುಗರು ಬರ ಮುಗಿಯಿತು ಅಂತ ಕುಣಿದೆವು. ಆದರೆ ಹಗೆವಿನ ತಳ ಒಣಗಿದ್ದು ಒಣಗಿದ ಹಾಗೇ ಇತ್ತು. ಹೊಸ ರಾಶಿಗೆ ಇನ್ನೂ ಆರು ತಿಂಗಳು. ಬರದಲ್ಲಿ ಕೆಲಸವಾದರೂ ಇತ್ತು, ಮಳೆ ಬಂದ ಮೇಲೆ ಅದೂ ಹೋಯಿತು ಅಂತ ನಮ್ಮ ಆಯಿ ಗೊಣಗುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ.

ಮನೆಯಲ್ಲಿ ತಿನ್ನಲು ಇದ್ದದ್ದು ರೇಷನ್ನಿನ ಕೆಂಪು ಜೋಳ. ಮಿಲೋ ಅಂತ ಅದರ ಹೆಸರು. ಅಮೆರಿಕದಿಂದ ಹಡಗಿನಲ್ಲಿ ಬಂದದ್ದು, ಅಲ್ಲಿ ಅದನ್ನು ದನಕ್ಕೆ ಹಾಕುತ್ತಾರೆ ಅಂತ ಊರಲ್ಲಿ ಮಾತು. ಅದರ ಹಿಟ್ಟಿಗೆ ಜಿಗಿ ಇಲ್ಲ. ತಟ್ಟಲು ಹೋದರೆ ಅಂಚು ಸೀಳುತ್ತಿತ್ತು, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಮುರಿಯುತ್ತಿತ್ತು. ಹತ್ತೂರಿನಲ್ಲಿ ರೊಟ್ಟಿಗೆ ಹೆಸರಾದ ನಮ್ಮವ್ವ ದಿನಾ ಬೆಳಿಗ್ಗೆ ಒಲೆಯ ಮುಂದೆ ಸೋಲುತ್ತಿದ್ದಳು. ಆ ಚೂರುಗಳನ್ನೇ ಬೆಳ್ಳುಳ್ಳಿ ಖಾರ ಹಚ್ಚಿ ಮುಟಗಿ ಮಾಡಿ ಕೊಟ್ಟು, "ಇವತ್ತ ಮುಟಗಿ ಮಾಡಬೇಕಂತಲೇ ಮುರದೀನಿ" ಅನ್ನುತ್ತಿದ್ದಳು. ನಾವು ನಂಬಿದ ಹಾಗೆ ಮಾಡುತ್ತಿದ್ದೆವು.

ಬಿಳಿಜೋಳ ಇರಲಿಲ್ಲ ಅಂತಲ್ಲ. ಬೂದಿ, ಬೇವಿನ ಎಲೆ ಕಲಸಿ ಗುಮ್ಮಿಯಲ್ಲಿ ಮುಚ್ಚಿಟ್ಟ ಬೀಜದ ಜೋಳವಿತ್ತು. ಮಾಲದಂಡಿ. ನಮ್ಮ ಜಿಲ್ಲೆಯ ಮೋಹೋಳದಲ್ಲೇ ಆರಿಸಿ ತೆಗೆದ ತಳಿ ಅದರದು. ಎಕರೆಗೆ ನಾಲ್ಕು ಕಿಲೋ ಬೀಜ, ನಮ್ಮದು ಹತ್ತು ಎಕರೆ ಒಣ ಭೂಮಿ. ಗುಮ್ಮಿಗೆ ಸೆಗಣಿ ಸಾರಿಸಿ ಬಾಯಿ ಕಟ್ಟಿದವಳು ಆಯಿ. ಅದನ್ನು ಬಿತ್ತುವ ದಿನ ಬಿಚ್ಚಬೇಕು, ಅಲ್ಲಿಯವರೆಗೆ ದೇವರು ಹಸಿದು ಬಂದರೂ ಬಿಚ್ಚಬಾರದು ಎಂಬುದು ಅವಳ ಕಾನೂನು.

ಅಪ್ಪ ಸೊಲ್ಲಾಪುರದ ಮಿಲ್ಲಿನಲ್ಲಿದ್ದ. ನಮ್ಮ ಕಡೆಯ ಐದು ಮಂದಿ ಸೇರಿ ಒಂದು ಖೋಲಿ ಹಿಡಿದಿದ್ದರು. ಮಿಲ್ಲಿನ ಭೋಂಗಾ ಊದಿದರೆ ಒಬ್ಬ ಏಳಬೇಕು, ಅವನ ಹಾಸಿಗೆಯಲ್ಲಿ ಇನ್ನೊಬ್ಬ ಮಲಗಬೇಕು. ಊಟ ಖಾನಾವಳಿಯಲ್ಲಿ. ಶ್ರಾವಣದಲ್ಲಿ ಖಾನಾವಳಿಯವರು ದರ ಏರಿಸಿದರು. ಆ ವರ್ಷ ಏರದೆ ಉಳಿದದ್ದು ಯಾವುದು? ಅವ್ವ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಲೆಕ್ಕ ಹಾಕಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಗೆರೆ ಬರುತ್ತಿತ್ತು. ಅಡ್ಡ ಗೆರೆ ರೂಪಾಯಿ, ಉದ್ದ ಗೆರೆ ನಾಕಾಣೆ. ಮೂರು ರಾತ್ರಿ ಗೋಡೆ ನೋಡುತ್ತ ಕೂತವಳು ನಾಲ್ಕನೆಯ ದಿನ, "ಖಾನಾವಳಿ ಬಿಡ್ರಿ, ನಾ ಡಬ್ಬಿ ಕಳಸ್ತೀನಿ" ಅಂದಳು.

ಡಬ್ಬಿ ಕಳಿಸುವುದು ಹೊಸದೇನಲ್ಲ. ಸೊಲ್ಲಾಪುರದಲ್ಲಿ ಓದುವ ಹುಡುಗರಿಗೆ ಹಳ್ಳಿಗಳಿಂದ ಎಸ್‌ಟಿ ಬಸ್ಸಿನಲ್ಲಿ ಡಬ್ಬಿ ಹೋಗುವುದು ನಮ್ಮ ಕಡೆಯ ವಾಡಿಕೆ. ಮುಂಜಾನೆಯ ಮೊದಲ ಬಸ್ಸು ವಳಸಂಗ, ಕುಂಭಾರಿ ದಾಟಿ ಸ್ಟ್ಯಾಂಡು ಮುಟ್ಟಿದರೆ ಅಲ್ಲಿ ಒಂದು ಕಟ್ಟೆಯ ಮೇಲೆ ಚೀಲಗಳ ಸಾಲು. ಯಾರ ಚೀಲ ಯಾರದೆಂದು ಅವರವರೇ ಗುರುತು ಹಿಡಿದು ಒಯ್ಯಬೇಕು. ಕಂಡಕ್ಟರನಿಗೆ ಇದರಿಂದ ಸಿಗುವುದು ಸೀಗಿ ಹುಣ್ಣಿಮೆಗೆ ಒಂದಿಷ್ಟು ಹಸಿ ಶೇಂಗಾ, ಅಷ್ಟೆ.

ಅವ್ವನ ಮಿಕ್ಕ ಕಡಿತಗಳನ್ನು ಹೇಳುತ್ತ ಹೋದರೆ ರಾತ್ರಿ ಸಾಲದು. ಚಹಾಕ್ಕೆ ಸಕ್ಕರೆ ಹೋಗಿ ಬೆಲ್ಲ ಬಂತು. ಕಡ್ಡಿಪೆಟ್ಟಿಗೆ ಗೂಡಿನಿಂದ ಕೆಳಗಿಳಿಯಲಿಲ್ಲ. ಓಣಿಯಲ್ಲಿ ಯಾರ ಮನೆಯ ಹೊಗೆ ಮೊದಲು ಕಂಡಿತೋ ಅಲ್ಲಿಂದ ನಾನು ಬೆರಣಿಯ ಮೇಲೆ ಕೆಂಡ ತರಬೇಕು. ನವರಾತ್ರಿಯ ಘಟ ಹಾಕುವ ಮುಂಚೆ ಮನೆಯ ಕೌದಿ, ಹಾಸಿಗೆ ಎಲ್ಲ ಒಗೆಯಬೇಕಲ್ಲ, ಅದಕ್ಕೆ ಸಬಕಾರ ತರದೆ ಹಳ್ಳದ ಚೌಳುಮಣ್ಣಿನಲ್ಲೇ ನೆನೆಹಾಕಿದಳು. ಕಾಯಿಪಲ್ಯೆ ಕೊಳ್ಳುವುದು ನಿಂತೇ ಹೋಯಿತು. ಅದಕ್ಕೆ ಮಾತ್ರ ನಾವು ಯಾರೂ ಮುಖ ಗಂಟಿಕ್ಕಲಿಲ್ಲ. ಎರಡು ವರ್ಷ ಕಪ್ಪಗೆ ಬಿರಿದಿದ್ದ ಹೊಲದ ಬದುವಿನಲ್ಲಿ ಆ ಭಾದ್ರಪದದಲ್ಲಿ ಹತ್ತರಕಿ, ಗೋಳಿಪಲ್ಯೆ, ಕಿರಕಸಾಲಿ ಯಾರೂ ಬಿತ್ತದೆ ಎದ್ದಿದ್ದವು. ದುಡ್ಡಿಲ್ಲದೆ ಸಿಕ್ಕಿದ್ದಕ್ಕೋ ಏನೋ, ಆ ರುಚಿ ಆಮೇಲೆ ಯಾವ ಮಂಡಿಯ ಪಲ್ಯೆಗೂ ನನಗೆ ಸಿಕ್ಕಿಲ್ಲ.

ಅಪ್ಪನ ಖಾಲಿ ಡಬ್ಬಿ ಒಮ್ಮೊಮ್ಮೆ ಮರಾಠಿ ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಿತ್ತು. ನಾನು ಅದನ್ನು ಓದಿ ಹೇಳಬೇಕು. ಮುಂಬಯಿಯಲ್ಲಿ ಮೃಣಾಲ ಗೋರೆ, ಅಹಿಲ್ಯಾ ರಾಂಗಣೇಕರ ಅವರ ಹಿಂದೆ ಸಾವಿರಾರು ಹೆಂಗಸರು ಲಟ್ಟಣಿಗೆ ಹಿಡಿದು, ತಾಟು ಬಡಿಯುತ್ತ ತುಟ್ಟಿಯ ವಿರುದ್ಧ ಮೋರ್ಚಾ ತೆಗೆಯುತ್ತಿದ್ದ ಕಾಲವದು. ಓದಿ ಹೇಳಿದೆ. ಅವ್ವ ತನ್ನ ಹಿಟ್ಟಿನ ಕೈ ನೋಡಿಕೊಂಡು, "ನಾವು ಕೈಲೇ ಬಡಿಯೋ ಮಂದಿ. ನಮ್ಮನ್ಯಾಗ ಲಟ್ಟಣಗಿ ಎಲ್ಲೈತಿ?" ಅಂದಳು.

ಇನ್ನು ಆ ಚೀಲದ ಸಂಗತಿ. ಸೊಲ್ಲಾಪುರದಲ್ಲಿ ಮಿಲ್ಲಿನ ಚಿಂಧಿ ಬಟ್ಟೆ ತೂಕದ ಮೇಲೆ ಸಿಗುತ್ತಿತ್ತು. ಅಪ್ಪ ತಂದ ನೀಲಿ ಗೆರೆಯ ಚಿಂಧಿಯಲ್ಲಿ ಅವ್ವ ಚೀಲ ಹೊಲಿದಳು. ಅದೇ ಗೆರೆಯ ಚಿಂಧಿ ಕೊಂಡವರು ಇನ್ನೆಷ್ಟು ಮಂದಿಯೋ. ಅದಕ್ಕೇ ಅಪ್ಪ ಗುರುತಿಗೆ ಅಂತ ಹಸಿರು ನೂಲು ಆರು ಎಳೆ ಸೇರಿಸಿ, ಮೊಣಕಾಲ ಮೇಲೆ ಹೊಸೆದು, ಗಟ್ಟಿ ಹುರಿ ಮಾಡಿ ಚೀಲದ ಕೊರಳಿಗೆ ಮೂರು ಸುತ್ತು ಕಟ್ಟಿದ್ದ. ಚೀಲವನ್ನು ಫಾಟಾದವರೆಗೆ ಒಯ್ದು ಕಂಡಕ್ಟರನ ಕೈಗೆ ಕೊಡುವುದು ನನ್ನ ಕೆಲಸ. ನನಗಾಗ ಹನ್ನೊಂದು. ಬುಗುರಿ ಇತ್ತು, ಚಾಟಿ ಇರಲಿಲ್ಲ. ಮುಂದಿನದನ್ನು ನೀವೇ ಊಹಿಸಬಹುದು.

ಹಳ್ಳದಾಚೆಯ ಊರಿನ ಒಬ್ಬ ಹೆಂಗಸು ಅದೇ ಬಸ್ಸಿಗೆ ಮಗನ ಡಬ್ಬಿ ತರುತ್ತಿದ್ದಳು. ಮಗ ಸೊಲ್ಲಾಪುರದಲ್ಲಿ ಕಾಲೇಜು ಓದುತ್ತಿದ್ದ. ಅವಳ ಚೀಲವೂ ನೀಲಿ ಗೆರೆಯದು. ಹುರಿ ಬಿಚ್ಚಿದ ದಿನ ಎರಡೂ ಚೀಲ ಒಂದರ ಪಕ್ಕ ಒಂದು ಬಸ್ಸು ಹತ್ತಿದವು. ನಾನು ಕಲ್ಲಿನ ಮೇಲೆ ಬುಗುರಿ ಆಡಿಸುತ್ತ ನಿಂತಿದ್ದೆ.

ವಾರದ ಸುಟ್ಟಿಗೆ ಅಪ್ಪ ಊರಿಗೆ ಬಂದ. ಕಾಲು ತೊಳೆದು ಒಲೆಯ ಹತ್ತಿರ ಕೂತು, ಬಹಳ ಮೆಲ್ಲಗೆ, ಹೆಂಡತಿಯನ್ನು ಹೊಗಳುವ ರೂಢಿ ಇಲ್ಲದ ಗಂಡಸಿನ ಹಾಗೆ ಹೇಳಿದ:

"ಮೊನ್ನೆ ಕೆಂಜ್ವಾಳದ ರೊಟ್ಟಿ ಭಾಳ ಚಲೋ ಆಗಿದ್ವು. ಮಲ್ಲಿಗಿ ಎಸಳಿನ ಹಂಗ."

ಅವ್ವನ ಕೈ ಹಾಗೇ ನಿಂತಿತು. "ಯಾರ್ ಹೇಳಿದ್ರು ನಿಮಗ?"

"ಯಾರ್ ಹೇಳೂದು ಏನೈತಿ? ನಾನೇ ತಿಂದೀನಿ."

"ನಾ ಏನ್ ಮಾಡ್ಲಿ? ನಿಮಗೊಬ್ಬರಿಗರೆ ಬಿಳೀದಿರ್ಲಿ, ರಾತ್ರಿ ಪಾಳಿ ಮಾಡ್ತೀರಿ ಅಂತ…" ಅವ್ವ ಅಳಲು ಶುರುಮಾಡಿದಳು. ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಹೊಗಳಿದರೆ ಅಳುತ್ತಾಳಲ್ಲ ಅಂತ ತಾಯಿಯ ಮುಖ ನೋಡಿದ. ಆಯಿ ಎಲೆಯಡಿಕೆ ಕುಟ್ಟುತ್ತ ಕೂತವಳು ಕುಟ್ಟಾಣಿ ನಿಲ್ಲಿಸಿದಳು. ಗುಮ್ಮಿಯ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ಗುಮ್ಮಿಯ ಬಾಯಿಯ ಸೆಗಣಿ ಹಸಿಯಾಗಿಯೇ ಇರುತ್ತದಲ್ಲ ಅಂತ ಅವಳಿಗೆ ಮೊದಲೇ ಅನುಮಾನವಿತ್ತಂತೆ.

ಸಂಗತಿ ಹೊರಬಿತ್ತು. ಮನೆಯಲ್ಲಿ ನಾವೆಲ್ಲ ಕೆಂಪು ತಿನ್ನುತ್ತಿದ್ದರೆ ಅಪ್ಪನ ಡಬ್ಬಿಗೆ ದಿನಾ ನಾಲ್ಕು ಬಿಳಿ ರೊಟ್ಟಿ ಹೋಗುತ್ತಿದ್ದವು. ಎಲ್ಲವೂ ಬೀಜದ ಕಾಳಿನವು. ಬಯ್ಯುತ್ತಾನೆ ಅಂತ ನಾನು ಬಾಗಿಲ ಹತ್ತಿರ ಸರಿದೆ. ಅಪ್ಪ ಬಯ್ಯಲಿಲ್ಲ. ಬೆರಳು ಮಡಚುತ್ತ ಲೆಕ್ಕ ಹಾಕಿದ. ನಾಲ್ಕು ರೊಟ್ಟಿಗೆ ಕಿಲೋದ ಮೂರರಲ್ಲೊಂದು ಪಾಲು. ಇಪ್ಪತ್ತಾರು ಡಬ್ಬಿ. ಹತ್ತಿರ ಹತ್ತಿರ ಒಂಬತ್ತು ಕಿಲೋ.

"ತಿಂಗಳೊಪ್ಪತ್ತಿನ್ಯಾಗ ಎರಡು ಎಕರೆ ಹೊಲಾ ತಿಂದೀನಲ್ಲೋ ನಾನು" ಅಂದ.

ಆಯಿಗೆ ಅದೇನು ನಗು ಬಂತೋ, ಬಾಯಿಯ ಎಲೆಯಡಿಕೆಯೆಲ್ಲ ಹೊರಗೆ ಬಂತು. "ಬದುವಿನ ಸುದ್ದಾ ತಿಂದಿ ನೋಡು" ಅಂದಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ಎರಡು ವರ್ಷದಲ್ಲಿ ಮೊದಲ ಸಲ ನೋಡಿದೆ.

ನಗು ಇಳಿದ ಮೇಲೆ, ಹಾಗಾದರೆ ಮೊನ್ನೆ ತಿಂದದ್ದು ಯಾರ ರೊಟ್ಟಿ ಎಂಬ ಪ್ರಶ್ನೆ ಬಂತು. ಅಪ್ಪ ಡಬ್ಬಿ ತೆಗೆದು ತೋರಿಸಿದ. ನಮ್ಮದಲ್ಲ, ಮುಚ್ಚಳಕ್ಕೆ ನೆಗ್ಗು ಇತ್ತು. ನಮ್ಮ ಬಿಳಿ ರೊಟ್ಟಿ ಯಾವನೋ ತಿಂದಿದ್ದ. ಅವ್ವ ಕಣ್ಣು ಒರೆಸಿಕೊಂಡಳು. ಅವಳು ಕೇಳಿದ್ದು ಅದನ್ನಲ್ಲ.

"ಅವು ಮುರದಿರಲಿಲ್ಲೇನ್ರಿ?"

"ಇಲ್ಲ."

"ಒಂದೂ?"

"ಇಡೀ ಚಂದ್ರಾಮನ ಹಂಗ ಇದ್ವು."

ಮರುದಿನ ಚೀಲ ಒಯ್ಯಲು ಅವ್ವ ತಾನೇ ನನ್ನ ಜೊತೆ ಫಾಟಾಕ್ಕೆ ಬಂದಳು. ಹಳ್ಳದಾಚೆಯ ಹೆಂಗಸು ಬೇವಿನ ಗಿಡದ ಕೆಳಗೆ ನಿಂತಿದ್ದಳು. ಇಬ್ಬರೂ ಡಬ್ಬಿ ಅದಲುಬದಲು ಮಾಡಿಕೊಂಡರು. ನೆಗ್ಗಿನ ಡಬ್ಬಿಯನ್ನು ಅವ್ವ ಬರಿದಾಗಿ ಕೊಟ್ಟಿರಲಿಲ್ಲ, ಗುರೆಳ್ಳು ಚಟ್ನಿ ತುಂಬಿದ್ದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಿಲ್ಲದೆ ನಿಂತರು. ಆಮೇಲೆ ಆ ಹೆಂಗಸೇ ಅಂದಳು:

"ನಮ್ಮ ಹುಡುಗಾ ಕೇಳಿ ಕಳಸ್ಯಾನ ಯಕ್ಕಾ, ಅವತ್ತ ಮನ್ಯಾಗ ಏನರೆ ಹಬ್ಬಾ ಇತ್ತೇನು ಅಂತ."

ಅವ್ವ ಅದಕ್ಕೆ ಏನೂ ಹೇಳಲಿಲ್ಲ. "ನೀ ಹಿಟ್ಟು ಹೆಂಗ ನಾದ್ತಿಯವ್ವಾ?" ಅಂದಳು.

ಬಸ್ಸು ಬರುವವರೆಗೆ ರೊಟ್ಟಿಯದೇ ಮಾತು. ಆ ಹೆಂಗಸು ಗಾಳಿಯಲ್ಲೇ ಕೈ ಆಡಿಸಿ ತೋರಿಸಿದಳು. ಹಿಟ್ಟನ್ನು ಒಮ್ಮೆಲೇ ಬೀಸಿ ಇಡಬಾರದು, ಎರಡು ದಿನಕ್ಕಾಗುವಷ್ಟೇ ಬೀಸಬೇಕು; ಹಳೆಯದಾದಷ್ಟೂ ಜಿಗಿ ಹೋಗುತ್ತದೆ. ಮೊದಲು ಒಂದು ಹಿಡಿ ಹಿಟ್ಟನ್ನು ಕುದಿಯುವ ಎಸರಿಗೆ ಹಾಕಿ ಅಂಬಲಿಯ ಹಾಗೆ ಕುದಿಸಬೇಕು, ಆ ಬಿಸಿ ಅಂಟಿನಲ್ಲಿ ಮಿಕ್ಕ ಹಿಟ್ಟು ಕಲಸಿ ಮುಚ್ಚಿಡಬೇಕು. ಆಮೇಲೆ ನಾದುವುದು, ತೋಳು ನೋಯುವ ತನಕ. ಅವ್ವ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಕೇಳಿಸಿಕೊಂಡಳು.

ಆವತ್ತಿನಿಂದ ಡಬ್ಬಿಗೆ ಕೆಂಪು ರೊಟ್ಟಿ. ನಾಲ್ಕನೆಯ ದಿನ ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರ ಕೂಗಿದ: "ನಿಮ್ಮಪ್ಪ ಹೇಳ್ಯಾನ, ಇನ್ನೂ ಅಕಿ ಹಂಗ ಆಗಿಲ್ಲಂತ!" ಮನೆಗೆ ಹೋಗಿ, ಭಾಳ ಚಲೋ ಆಗ್ಯಾವಂತ ಅಂದೆ. ಅವ್ವ ನನ್ನ ಮುಖ ನೋಡಿ, "ಸುಳ್ಳು ಹೇಳಾಕ ನಿನಗೂ ಜಿಗಿ ಸಾಲದು" ಅಂದಳು.

ಘಟ ಕೂತವು. ಅದೇ ದಸರೆಯ ಹೊತ್ತಿಗೆ ದೂರದ ಅರಬರ ನಾಡಿನಲ್ಲಿ ಯುದ್ಧ ಹತ್ತಿಕೊಂಡು, ಮುಂದೆ ಚಿಮಣಿ ಎಣ್ಣೆಗೂ ಸಾಲು ನಿಲ್ಲುವ ದಿನ ಬಂದವು. ಅದು ಬೇರೆ ಕಥೆ. ಹಸ್ತ ಮಳೆ ಹದವಾಗಿ ಬಿತ್ತು. ಅಪ್ಪ ಮಿಲ್ಲಿಗೆ ರಜೆ ಹಾಕಿ ಬಂದ. ಆಯಿ ಗುಮ್ಮಿಗೆ ಕುಂಕುಮ ಹಚ್ಚಿ ತಾನೇ ಬಾಯಿ ಬಿಚ್ಚಿದಳು. ಎಂಟು ಎಕರೆಗೆ ಆಗುವಷ್ಟು ಕಾಳು ಇತ್ತು. ಉಳಿದ ಎರಡು ಎಕರೆಗೆ ಕುಸುಬಿ ಅಂತಾಯಿತು. ಆ ಬೀಜ ಹಳ್ಳದಾಚೆಯಿಂದ ಬಂದಿತ್ತು, ನಮ್ಮ ಗುರೆಳ್ಳು ಚಟ್ನಿಗೆ ಬದಲಾಗಿ.

ಅವ್ವ ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆದಳು. ಮೂರನೆಯ ಸಾಲಿಗೆ ಕೂರಿಗೆಯ ಒಂದು ಬಿದಿರ ಕೊಳವೆಯ ಕಟ್ಟು ಸಡಿಲಾಗಿ ಕಾಳು ಪಕ್ಕಕ್ಕೆ ಸುರಿಯತೊಡಗಿತು. ಅಪ್ಪ ಎತ್ತು ನಿಲ್ಲಿಸಿದ. ಕೂತು ಕೊಳವೆ ಹಿಡಿದುಕೊಂಡು, ತಲೆ ಎತ್ತದೆ ಕೈ ಚಾಚಿದ.

"ಹುರಿ ಐತೇನಲೇ?"

ಇತ್ತು. ಚಡ್ಡಿಯ ಕಿಸೆಯಲ್ಲಿ ಬುಗುರಿಗೆ ಸುತ್ತಿಕೊಂಡೇ ಇತ್ತು. ಬಿಚ್ಚಿ ಕೊಟ್ಟೆ. ಅಪ್ಪ ಕಟ್ಟಲು ಹೋದವನು ನಿಂತ. ಹಸಿರು ಹುರಿಯನ್ನು ಬೆರಳಲ್ಲಿ ತಿರುವಿ ನೋಡಿದ. ಆರು ಎಳೆ, ಅವನೇ ಹೊಸೆದದ್ದು. ನನ್ನ ಕಡೆ ನೋಡಿದ. ಅವ್ವ ಹಿಂದಿನಿಂದ, "ಏನಾತ್ರಿ?" ಅಂದಳು.

"ಏನಿಲ್ಲ" ಅಂದು, ಕೊಳವೆಗೆ ಮೂರು ಸುತ್ತು ಸುತ್ತಿ, ಗಂಟು ಬಿಗಿದು, ಹೆಚ್ಚಿನ ತುದಿಯನ್ನು ಹಲ್ಲಿನಿಂದ ಕಡಿದು ನನ್ನ ಕೈಯಲ್ಲಿಟ್ಟ. ಗೇಣುದ್ದ ಇತ್ತು. ಬುಗುರಿಗೆ ಸಾಲುತ್ತಿರಲಿಲ್ಲ.