ಬೆಸ ಸಂಖ್ಯೆಯ ವಿಳಾಸ

ಹಳೆಯ ತಾಳೆಗರಿಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ಎಲ್ಲಿ ಒಡೆಯಬೇಕು ಎಂಬುದು ಓದುವವರ ಹೊಣೆ. ‘ತಲೆಮಾರು’ ಒಟ್ಟಿಗೆ ಓದಿದರೆ ಪೀಳಿಗೆ. ಒಡೆದು ಓದಿದರೆ ತಲೆಯನ್ನೇ ಮಾರು ಎಂಬ ಅಪ್ಪಣೆ. ನನ್ನ ಪಿಎಚ್‌ಡಿಯ ಮೂರನೇ ವರ್ಷದ ಮೇ ತಿಂಗಳನ್ನು ನುಂಗಿದ್ದು ಇಂಥದೇ ಒಂದು ಪದಚ್ಛೇದ. ಓದುತ್ತಿದ್ದುದು ಮಾತ್ರ ಪ್ರೊಸೆಸರ್.

ಕೊಳವೆಬಾವಿಯ ನೀರಿನ ಮಟ್ಟ ದಾಖಲಿಸುವ ಪುಟ್ಟ ಯಂತ್ರಗಳೇ ನನ್ನ ಸಂಶೋಧನೆಯ ಆಧಾರ. ಮುಂಗಾರಿಗೆ ಮುಂಚೆ ಹನ್ನೆರಡು ಬಾವಿಗಳಲ್ಲಿ ಅವನ್ನು ಇಳಿಸದಿದ್ದರೆ ಇನ್ನೊಂದು ಮಳೆಗಾಲಕ್ಕೆ ಕಾಯಬೇಕು. ಫೆಲೋಶಿಪ್ ಕಾಯುವುದಿಲ್ಲ. ಯಂತ್ರದೊಳಗಿದ್ದದ್ದು ಎಲ್‌ಪಿಸಿ2103 ಎಂಬ ಹಳೆಯ ಚಿಪ್: 32 ಕೆಬಿ ಫ್ಲ್ಯಾಶ್, 8 ಕೆಬಿ ರ‍್ಯಾಮ್. ನನ್ನ ಕೋಡ್ 36 ಕೆಬಿ ಆಗಿತ್ತು.

ಈ ಚಿಪ್ಪಿನ ಆರ್ಮ್7 ಪ್ರೊಸೆಸರ್‌ಗೆ ಎರಡು ಬಗೆಯ ಓದು ಗೊತ್ತು. ಆರ್ಮ್ ಮೋಡ್‌ನಲ್ಲಿ ಒಂದೊಂದು ಸೂಚನೆಗೂ 32 ಬಿಟ್, ಥಂಬ್ ಮೋಡ್‌ನಲ್ಲಿ 16. ಥಂಬ್‌ನಲ್ಲಿ ಕೋಡ್ ಸುಮಾರು ಮೂರನೇ ಒಂದರಷ್ಟು ಕುಗ್ಗುತ್ತದೆ. ವೇಗವೂ ಹೆಚ್ಚುತ್ತದೆ ಎನ್ನುವವರಿದ್ದಾರೆ; ಅದು 16 ಬಿಟ್ ಅಗಲದ ಮೆಮೊರಿ ಇದ್ದಾಗಿನ ಮಾತು, ಇಲ್ಲಿ ಸಲ್ಲದು. ನನಗೆ ಬೇಕಿದ್ದುದು ಜಾಗ. ಕಂಪೈಲರ್‌ಗೆ ಥಂಬ್ ಎಂದೆ. 25 ಕೆಬಿಗೆ ಇಳಿಯಿತು.

ಬೋರ್ಡ್ ‘ಸಿದ್ಧ’ ಎಂದು ಒಮ್ಮೆ ಬರೆದು ಸುಮ್ಮನಾಯಿತು. ಟೈಮರ್ ಇಂಟರಪ್ಟ್ ಮುಚ್ಚಿಟ್ಟರೆ ದಿನವಿಡೀ ಓಡುತ್ತದೆ. ತೆರೆದರೆ ಕ್ಷಣದಲ್ಲಿ ಸಾವು. “ಅಕ್ಕಾ, ಬ್ಯಾಟರಿ ವೀಕ್ ಇರ್ಬೇಕು” ಎಂದ ಲ್ಯಾಬಿನ ಜೂನಿಯರ್. ನಮ್ಮಲ್ಲಿ ಎಲ್ಲ ರೋಗಕ್ಕೂ ಅದೇ ಮೊದಲ ಔಷಧ. ಬ್ಯಾಟರಿ ಬದಲಿಸಿದೆವು, ಸ್ಟ್ಯಾಕ್ ಹಿಗ್ಗಿಸಿದೆವು, ಎರಡು ವಾರ ಹೋಯಿತು.

ಕೊನೆಗೆ ಡೀಬಗರ್ ಹಚ್ಚಿ ನೋಡಿದಾಗ ಪ್ರೊಸೆಸರ್ ‘ಅರ್ಥವಾಗದ ಸೂಚನೆ’ಯ ಬಲೆಯಲ್ಲಿ ಸುತ್ತುತ್ತಿತ್ತು. ಇಂಟರಪ್ಟ್ ಕಂಟ್ರೋಲರ್‌ನಲ್ಲಿದ್ದ ಟೈಮರ್ ಫಂಕ್ಷನ್ನಿನ ವಿಳಾಸ ನೋಡಿದೆ. ಕೊನೆಯ ಅಂಕಿ 1. ಆರ್ಮ್ ಸೂಚನೆಗಳು ನಾಲ್ಕರ ಗುಣಕದಲ್ಲಿ ಕೂರುತ್ತವೆ, ಥಂಬ್ ಎರಡರ ಗುಣಕದಲ್ಲಿ. ಬೆಸ ವಿಳಾಸದಲ್ಲಿ ಯಾವ ಸೂಚನೆಯೂ ಇರಲಾರದು. ಹಾಗಾಗಿಯೇ ಖಾಲಿ ಉಳಿಯುವ ಆ ಕೊನೆಯ ಬಿಟ್ಟನ್ನು ಗುರುತಿಗೆ ಬಳಸುತ್ತಾರೆ: 1 ಇದ್ದರೆ ‘ಇದನ್ನು ಥಂಬ್ ಆಗಿ ಓದು’ ಎಂದರ್ಥ.

ಗುರುತು ಸರಿಯಾಗಿತ್ತು, ನೋಡುವವರಿರಲಿಲ್ಲ. ಇಂಟರಪ್ಟ್ ಬಂದಾಗ ಪ್ರೊಸೆಸರ್ ಯಾವ ಮೋಡ್‌ನಲ್ಲಿದ್ದರೂ ಆರ್ಮ್‌ಗೆ ಮರಳುತ್ತದೆ. ಅಲ್ಲಿಂದ ಟೈಮರ್ ಫಂಕ್ಷನ್ನಿಗೆ ಕಳಿಸುತ್ತಿದ್ದುದು ಹಿಂದಿನ ಸಂಶೋಧಕರೊಬ್ಬರು ಕೈಯಾರೆ ಬರೆದ ಏಳು ಸಾಲಿನ ಅಸೆಂಬ್ಲಿ. ಎಲ್ಲವೂ ಆರ್ಮ್ ಆಗಿದ್ದ ಕಾಲಕ್ಕೆ ಅದು ಅಚ್ಚುಕಟ್ಟಾದ ಕೋಡ್. ‘ಮೂವ್’ ಸೂಚನೆಯಿಂದ ಜಿಗಿಯುತ್ತಿತ್ತು. ಈ ಪ್ರೊಸೆಸರ್‌ನಲ್ಲಿ ‘ಮೂವ್’ ಮೋಡ್ ಬದಲಿಸುವುದಿಲ್ಲ. ‘ಬಿಎಕ್ಸ್’ ಮಾತ್ರ ಕೊನೆಯ ಬಿಟ್ ನೋಡಿ ಬದಲಿಸುತ್ತದೆ. ಸಿ ಕೋಡ್‌ನಲ್ಲಿ ಇದನ್ನೆಲ್ಲ ಕಂಪೈಲರ್, ಲಿಂಕರ್ ಸೇರಿ ಸಂಭಾಳಿಸುತ್ತವೆ. ಕೈಬರಹದ ಅಸೆಂಬ್ಲಿಯೊಳಗೆ ಅವು ತಲೆಹಾಕುವುದಿಲ್ಲ. ಹೀಗೆ ಎರಡು ಥಂಬ್ ಸೂಚನೆಗಳನ್ನು ಒಂದೇ ಆರ್ಮ್ ಸೂಚನೆಯಾಗಿ ಓದಿ ಪ್ರೊಸೆಸರ್ ಕಂಗಾಲಾಗುತ್ತಿತ್ತು.

ಒಂದು ಸಾಲು ಬದಲಿಸಿದೆ. ಹೋದ ದಾರಿಯಲ್ಲೇ ಮೋಡ್ ಬದಲಿಸಿಕೊಂಡು ಮರಳಲೂ ಬೇಕಲ್ಲ. ಅದಕ್ಕಾಗಿ ಕಂಪೈಲರ್‌ನ ಇಂಟರ್‌ವರ್ಕಿಂಗ್ ಆಯ್ಕೆ ಸೇರಿಸಿ ಮತ್ತೆ ಕಟ್ಟಿದೆ. ರಾತ್ರಿಯಿಡೀ ಓಡಿತು.

ಜೂನ್ ಮೊದಲ ವಾರ, ಮೋಡ ಕಟ್ಟಿದ್ದ ಮಧ್ಯಾಹ್ನ, ಹನ್ನೆರಡನೆಯ ಬಾವಿಗೂ ಯಂತ್ರ ಇಳಿಸಿ ಮುಚ್ಚಳ ಬಿಗಿದೆವು. ಉಳಿದ 7 ಕೆಬಿಯಲ್ಲಿ ಏನು ತುಂಬೋಣ ಎಂದು ಜೂನಿಯರ್ ಈಗಾಗಲೇ ಕೇಳುತ್ತಿದ್ದಾನೆ.