ಬೀಗದ ಕೈ

ದಾಸೋಹವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅನ್ನದ ಪಂಕ್ತಿ. ಅದು ಸಹಜವೇ ಆಗಿದೆ. ಆದರೆ ಹಸಿವು ಹೊಟ್ಟೆಗೆ ಮಾತ್ರ ಸೇರಿದ್ದಲ್ಲ. ಸಿದ್ಧಗಂಗೆಯ ಪರಮಪೂಜ್ಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರನ್ನು ನಾಡು ತ್ರಿವಿಧ ದಾಸೋಹಿಗಳೆಂದು ಕರೆದುದು ಅವರು ಅನ್ನದ ಜೊತೆಗೆ ಅಕ್ಷರವನ್ನೂ ಆಶ್ರಯವನ್ನೂ ನೀಡಿದುದಕ್ಕಾಗಿ. ಈ ಅಕ್ಷರ ದಾಸೋಹವನ್ನು ಯಾವ ಪೀಠವೂ ಬಿರುದೂ ಇಲ್ಲದೆ ಹಳ್ಳಿಯ ಒಂದು ಕೋಣೆಯಲ್ಲಿ ನಡೆಸುವವರು ಇದ್ದಾರೆಂಬುದನ್ನು ನಾನು ಅರಿತದ್ದು ಬಹಳ ತಡವಾಗಿ; ಅದೂ ನನ್ನ ಅಭಿಮಾನಕ್ಕೆ ಪೆಟ್ಟು ಬಿದ್ದ ಮೇಲೆ.

ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆ ಹೋಬಳಿಯ ನಮ್ಮ ಊರು ಕಾಫಿ ತೋಟಗಳ ನಡುವಿನದು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡುವುದಿಲ್ಲ. ಪುಸ್ತಕಗಳಿಗೆ ಅದು ಕೆಟ್ಟ ಕಾಲ. ಹಾಳೆ ಮೆತ್ತಗಾಗುತ್ತದೆ, ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಎರಡು ವರ್ಷಗಳ ಹಿಂದಿನ ಮಳೆಗಾಲ ಮುಗಿದಾಗ, ಮನೆಯ ಅಟ್ಟದಲ್ಲಿದ್ದ ನನ್ನ ಗ್ರಂಥಗಳಲ್ಲಿ ಒಂದು ಭಾಗವನ್ನು ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ದಾನವಾಗಿ ಕೊಡಲು ನಿಶ್ಚಯಿಸಿದೆನು. ಸಂಸ್ಕೃತ ಟೀಕೆಗಳು, ಹಳೆಯ ಕಾವ್ಯಗಳ ಮುದ್ರಣಗಳು, ಅಭಿನಂದನ ಗ್ರಂಥಗಳು, ವಿಚಾರ ಸಂಕಿರಣಗಳ ಸಂಪುಟಗಳು ಎಲ್ಲವೂ ಸೇರಿ ಎಂಬತ್ತರಷ್ಟಿದ್ದವು. ಮರೆಮಾಚದೆ ಹೇಳುವುದಾದರೆ, ಒಂದು ಸಣ್ಣ ಸಮಾರಂಭವನ್ನೂ ಒಂದು ಶಾಲನ್ನೂ ನನ್ನ ಮನಸ್ಸು ಒಳಗೊಳಗೇ ನಿರೀಕ್ಷಿಸಿತ್ತು.

ಗ್ರಂಥಾಲಯದ ಮೇಲ್ವಿಚಾರಕಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಎದ್ದು ನಿಂತು ನಮಸ್ಕರಿಸಿ, ಕುರ್ಚಿಯನ್ನು ಒರೆಸಿ ಕೂರಿಸಿದಳು. ಗಂಟುಗಳನ್ನು ಬಿಚ್ಚಿ ಒಂದೊಂದನ್ನೇ ತೆರೆದು ನೋಡಿದಳು. ಅರ್ಧ ಗಂಟೆಯ ನಂತರ ಮೇಜಿನ ಮೇಲೆ ಉಳಿದವು ಹನ್ನೊಂದು ಪುಸ್ತಕಗಳು.

"ಇಷ್ಟು ಸಾಕು ಗುರುಗಳೇ" ಎಂದಳು. "ಉಳಿದವು ದೊಡ್ಡ ಪುಸ್ತಕಗಳು. ಇಲ್ಲಿಟ್ಟರೆ ಗೆದ್ದಲಿಗೆ ಆಗುತ್ತವೆ. ಓದುವವರಿರುವ ಕಡೆ ಕೊಡಿ, ಪುಣ್ಯ ಬರುತ್ತೆ."

ನನಗೆ ಸಿಟ್ಟು ಬಂದಿತು. ಮಾತನಾಡದೆ ಗಂಟು ಕಟ್ಟಿಸಿಕೊಂಡು ಮನೆಗೆ ಬಂದೆನು. ರಾತ್ರಿ ಪೂಜೆಗೆ ಕುಳಿತಾಗಲೂ ಮನಸ್ಸು ನಿಲ್ಲಲಿಲ್ಲ. ಆಗ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಪತಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚಿಗೆ ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಮಹಾತಾಯಿ. ಈ ಕಥೆಯನ್ನು ನಾನು ಎಷ್ಟು ವೇದಿಕೆಗಳ ಮೇಲೆ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಅಂದು ಲಕ್ಕಮ್ಮನಂತಹ ಒಬ್ಬಾಕೆ ಬೇಡದ್ದನ್ನು ನನ್ನ ಕೈಗೇ ಹಿಂದಿರುಗಿಸಿದಾಗ ನಾನು ಗುರುತಿಸಲಾರದೆ ಹೋದೆನು.

ಅದರ ಹಿಂದೆಯೇ ಇನ್ನೊಂದು ನೆನಪು ಎದ್ದು ಬಂದಿತು. ನಾನು ಮಠದಲ್ಲಿ ಓದುತ್ತಿದ್ದಾಗ, ಹದಿನಾಲ್ಕನೆಯ ವಯಸ್ಸಿಗೆ, ಪುಸ್ತಕ ಭಂಡಾರದ ಬೀಗದ ಕೈಯನ್ನು ನನಗೆ ಒಪ್ಪಿಸಿದ್ದರು. ಓಲೆಗರಿಗಳ ಕಟ್ಟುಗಳನ್ನು ಬಿಚ್ಚಿ ಒರೆಸಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಮತ್ತೆ ಕೆಂಪು ವಸ್ತ್ರದಲ್ಲಿ ಕಟ್ಟಿಡುವುದು ನನ್ನ ಕೆಲಸ. ಅಡುಗೆಮನೆಗೆ ಸೌದೆ ಒಡೆಯುತ್ತಿದ್ದ ನನ್ನ ವಯಸ್ಸಿನವನೇ ಆದ ಹುಡುಗನೊಬ್ಬನು ಒಂದು ದಿನ ಬಾಗಿಲಲ್ಲಿ ನಿಂತು, ಚಿತ್ರಗಳಿರುವ ಕಥೆಯ ಪುಸ್ತಕವೊಂದನ್ನು ಕೇಳಿದನು. "ಓದಲು ಬರುವವರಿಗೆ ಮಾತ್ರ" ಎಂದು ನಾನು ಬಾಗಿಲು ಹಾಕಿದೆನು. ಅವನು ಮತ್ತೆ ಕೇಳಲಿಲ್ಲ. ಕೆಲವು ತಿಂಗಳಲ್ಲಿ ಮಠವನ್ನು ಬಿಟ್ಟು ಹೋದನು. ವರ್ಷದ ಕೊನೆಗೆ ಒಂದು ಪುಸ್ತಕವೂ ಕಳೆದಿಲ್ಲವೆಂದು ಹಿರಿಯರು ನನ್ನ ಬೆನ್ನು ತಟ್ಟಿದರು. ಯಾರಾದರೂ ಗದರಿಸಿದ್ದರೆ ಆ ತಪ್ಪು ಅಂದೇ ಕಳೆಯುತ್ತಿತ್ತೇನೋ. ಹೊಗಳಿದುದರಿಂದ ಅದು ಐವತ್ತು ವರ್ಷ ನನ್ನೊಡನೆ ಉಳಿಯಿತು.

ಗ್ರಂಥವನ್ನು ಕಾಯುವುದು ಬೇರೆ, ಗ್ರಂಥವನ್ನು ಹಂಚುವುದು ಬೇರೆ. ನಮ್ಮ ವಚನಗಳ ಕಥೆಯೂ ಇದೇ ತಾನೆ? ಎಷ್ಟೋ ಮನೆಗಳ ಪೂಜಾಗೃಹಗಳಲ್ಲಿ ಓಲೆಗರಿಯ ಕಟ್ಟುಗಳಿಗೆ ವಿಭೂತಿ ಪತ್ರೆಗಳು ಏರುತ್ತಿದ್ದವು, ಓದುವವರು ಇರಲಿಲ್ಲ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು, ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಪೂಜೆಗೊಳ್ಳುತ್ತಿದ್ದ ಗ್ರಂಥ ಹೀಗೆ ಓದುಗನ ಕೈ ಸೇರಿತು.

ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳ ತಿರುಳೂ ಇದೇ ಆಗಿದೆ: ಪುಸ್ತಕ ಇರುವುದು ಬಳಕೆಗಾಗಿ. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯೊಂದು ಪುಸ್ತಕಗಳನ್ನು ಹೊತ್ತು ಹಳ್ಳಿಗಳಿಗೆ ಹೊರಟಿತು. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. 1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ರೂಪುಗೊಂಡಿತು. ಅದರ ಅನ್ವಯ ಸ್ಥಳೀಯ ಸಂಸ್ಥೆಗಳು ಮನೆ ಕಂದಾಯದೊಡನೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತವೆ; ನೂರು ರೂಪಾಯಿಗೆ ಆರು ರೂಪಾಯಿ. ಕಂದಾಯ ಕಟ್ಟುವ ಪ್ರತಿಯೊಂದು ಮನೆಯೂ ತನಗರಿವಿಲ್ಲದೆಯೇ ಈ ದಾಸೋಹಕ್ಕೆ ಭಕ್ತಿಕಾಣಿಕೆಯನ್ನು ಸಲ್ಲಿಸುತ್ತಿದೆ.

2019ರಲ್ಲಿ ಐದು ಸಾವಿರಕ್ಕೂ ಮಿಕ್ಕ ಗ್ರಾಮೀಣ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಈಗ ಅವುಗಳಿಗೆ 'ಅರಿವು ಕೇಂದ್ರ'ವೆಂಬ ಹೆಸರಿದೆ. ಅರಿವೇ ಗುರುವೆಂದು ನಂಬಿದ ನಮಗೆ ಈ ಹೆಸರು ಪರಕೀಯವಲ್ಲ. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಗಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಆದರೆ ಹೆಸರಾಗಲಿ ಆದೇಶವಾಗಲಿ ತಾನಾಗಿ ಬಾಗಿಲು ತೆರೆಯುವುದಿಲ್ಲ. ತೆರೆಯುವ ಒಂದು ಕೈ ಬೇಕು.

ಒಂದು ವಾರ ಕಳೆದ ಮೇಲೆ ನಾನು ಮತ್ತೆ ಹೋದೆನು, ಈ ಸಲ ಬರಿಗೈಯಲ್ಲಿ. ಆಕೆಯ ದಿನಚರಿಯನ್ನು ಕುಳಿತು ಕಂಡೆನು. ಕಸ ಗುಡಿಸುವವಳೂ ಆಕೆಯೇ, ಪತ್ರಿಕೆಗಳನ್ನು ಜೋಡಿಸುವವಳೂ ಆಕೆಯೇ. ಸ್ಪರ್ಧಾ ಪರೀಕ್ಷೆಗೆ ಓದುವ ತರುಣನಿಗೆ ಅರ್ಜಿಯ ಕೊನೆಯ ದಿನಾಂಕವನ್ನು ಜ್ಞಾಪಿಸುತ್ತಾಳೆ. ಪಿಂಚಣಿಯ ಕಾಗದ ಹಿಡಿದು ಬಂದ ಅಜ್ಜಿಗೆ ಅದನ್ನು ಓದಿ ಹೇಳುತ್ತಾಳೆ. ಸಂಜೆ ತೋಟದ ಲೈನ್ ಮನೆಗಳ ಮಕ್ಕಳು ಬರುತ್ತಾರೆ. ಕಾಫಿ ಕೊಯ್ಲಿನ ಕಾಲದಲ್ಲಿ ತಾಯಿತಂದೆಯರು ಕತ್ತಲಾಗುವವರೆಗೂ ಮನೆ ಸೇರುವುದಿಲ್ಲ. ಆ ಮಕ್ಕಳಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಕನ್ನಡ ಅವರಿಗೆ ಇನ್ನೂ ಹೊಸದು. ಆಕೆಗೆ ದೊರೆಯುವ ಗೌರವಧನ ಈ ಕಾಯಕದ ಅಳತೆಗೆ ಸಮನಾದುದಲ್ಲ.

"ನನ್ನಿಂದ ಏನಾಗಬೇಕಮ್ಮ?" ಎಂದೆನು.

"ಶನಿವಾರ ಸಾಯಂಕಾಲ ಒಂದು ಗಂಟೆ ಬನ್ನಿ ಗುರುಗಳೇ. ಮಕ್ಕಳಿಗೆ ಕಥೆ ಓದಿ ಹೇಳಿ. ಪುಸ್ತಕ ಹೇಗೋ ಬರುತ್ತೆ, ಓದಿ ಹೇಳೋ ಜನ ಸಿಗಲ್ಲ."

ಮೊದಲ ಶನಿವಾರ ನಾನು ಸೋತೆನು. ಹತ್ತು ನಿಮಿಷ ಆಗುವಷ್ಟರಲ್ಲಿ ಮುಂದೆ ಕುಳಿತಿದ್ದ ಪುಟ್ಟ ಹುಡುಗಿ "ಅಜ್ಜ, ಗೊತ್ತಾಗ್ತಿಲ್ಲ" ಎಂದಳು. ಪಂಡಿತರ ಸಭೆಯಲ್ಲಿ ಎಂದೂ ಕೇಳದ ಮಾತು ಅದು. ಮೇಲ್ವಿಚಾರಕಿ ನನ್ನ ಪಕ್ಕದಲ್ಲಿ ಕುಳಿತು, ನಾನು ಆಡಿದ್ದನ್ನು ಸಣ್ಣ ಸಣ್ಣ ಮಾತುಗಳಾಗಿ ಒಡೆದು ಕೊಟ್ಟಳು. ನಾಲ್ಕನೆಯ ಶನಿವಾರದ ಹೊತ್ತಿಗೆ ನನಗೂ ಅದು ಸ್ವಲ್ಪ ಬಂದಿತು. ಶರಣರು ಸಂಸ್ಕೃತವನ್ನು ಬಿಟ್ಟು ಜನರ ನುಡಿಯಲ್ಲಿ ಏಕೆ ಮಾತನಾಡಿದರೆಂಬುದನ್ನು ನಾನು ಗ್ರಂಥಗಳಲ್ಲಿ ಓದಿದ್ದೆನು. ಕಲಿತದ್ದು ಮಾತ್ರ ಆ ಚಾಪೆಯ ಮೇಲೆ.

ಕಳೆದ ಮಳೆಗಾಲದಲ್ಲಿ ಆಕೆಗೆ ಒಂದು ದಿನ ಸಭೆಗಾಗಿ ಚಿಕ್ಕಮಗಳೂರಿಗೆ ಹೋಗಬೇಕಾಯಿತು. ಹಿಂದಿನ ಸಂಜೆ ಮನೆಯವರೆಗೂ ಬಂದು, "ನಾಳೆ ನಾಲ್ಕು ಗಂಟೆಗೆ ಬಾಗಿಲು ತೆಗೀತೀರಾ ಗುರುಗಳೇ? ಮಕ್ಕಳು ಮಳೆಯಲ್ಲಿ ನಿಂತುಬಿಡುತ್ತವೆ" ಎಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟಳು. ಐವತ್ತು ವರ್ಷಗಳ ಮೇಲೆ ಮತ್ತೊಮ್ಮೆ ಪುಸ್ತಕದ ಕೋಣೆಯ ಬೀಗದ ಕೈ ನನ್ನದಾಯಿತು. ನಾನು ಮೂರೂವರೆಗೇ ಹೋಗಿ ಬಾಗಿಲು ತೆರೆದಿಟ್ಟೆನು.

ಭಕ್ತ ಮಹಾಶಯರೇ, ತಾಯಂದಿರೇ, ನಿಮ್ಮ ಊರಿನಲ್ಲಿಯೂ ಇಂತಹ ಒಂದು ಕೋಣೆ ಇರಬಹುದು. ಅದು ಎಷ್ಟು ಗಂಟೆಗೆ ತೆರೆಯುತ್ತದೆಂಬುದನ್ನು ಮೊದಲು ತಿಳಿದುಕೊಳ್ಳಿ. ಅಲ್ಲಿ ಕುಳಿತಿರುವವರ ಗೌರವಧನವು ಕಾಲಕ್ಕೆ ಸರಿಯಾಗಿ ಬರುತ್ತಿದೆಯೇ, ಮಳೆಗೆ ಸೂರು ಸೋರುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಮನೆಯ ಹಳೆಯ ಕಾಗದವನ್ನು ಹೊರಿಸಿ ಬರುವುದನ್ನು ದಾನವೆಂದು ಎಣಿಸದೆ, ಅಲ್ಲಿಗೆ ಏನು ಬೇಕೆಂದು ಕೇಳಿಕೊಂಡು ಕೊಡಿ. ವಾರಕ್ಕೆ ಒಂದು ಗಂಟೆ ಬಿಡುವುಳ್ಳವರು ಹೋಗಿ ಮಕ್ಕಳ ಜೊತೆ ಕುಳಿತುಕೊಳ್ಳಿ. ಸೌದೆ ಒಡೆಯುತ್ತಿದ್ದ ಆ ಹುಡುಗನು ಈಗ ಎಲ್ಲಿರುವನೋ ನಾನರಿಯೆ. ಅವನಿಗೆ ಸಲ್ಲಬೇಕಾಗಿದ್ದ ಪುಸ್ತಕವನ್ನು ಶನಿವಾರಗಳಂದು ಬೇರೆ ಮಕ್ಕಳ ಕೈಯಲ್ಲಿ ಇಡುತ್ತಿದ್ದೇನೆ.

ಶರಣು ಶರಣಾರ್ಥಿ.