ಲುವಾರ್ ದಂಡೆಯ ದೊಡ್ಡಮನೆಯಲ್ಲಿ ಒಂದು ವಾರ

ಅಕ್ಕಲಕೋಟೆಯ ನಮ್ಮ ವಾಡೆ ಅಣ್ಣತಮ್ಮಂದಿರಲ್ಲಿ ನಾಲ್ಕು ಪಾಲಾಯಿತು. ಸೊಲ್ಲಾಪುರ, ಪುಣೆ ಎಂದು ಚದುರಿದ ಮೇಲೆ ಅದಕ್ಕೆ ಕೀಲಿ ಬಿತ್ತು. ಅವ್ವನಿಗೆ ಎಂಬತ್ತು ತುಂಬಿದಾಗ ಎಲ್ಲರೂ ಕೂಡಬೇಕೆಂದೆವು. ಪ್ಯಾರಿಸ್‌ನಲ್ಲಿರುವ ಅಣ್ಣನ ಮಗ, "ಕಾಕಾ, ಇಲ್ಲಿಗೇ ಬರ್ರಿ, ಒಂದು ಶಾತೋ ಬಾಡಿಗಿಗೆ ಹಿಡಿಯೂಣು" ಎಂದ. ಚಾತುರ್ಮಾಸಕ್ಕೆ ಮೊದಲು, ಜೂನ್ ತಿಂಗಳಲ್ಲಿ, ಇಪ್ಪತ್ತೆರಡು ಜನ ಹೊರಟೆವು.

ಫ್ರಾನ್ಸಿನಲ್ಲಿ ಅರಮನೆಗೂ ಶಾತೋ ಎನ್ನುತ್ತಾರೆ, ಹಳ್ಳಿಗಾಡಿನ ದೊಡ್ಡಮನೆಗೂ ಶಾತೋ ಎನ್ನುತ್ತಾರೆ. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಲುವಾರ್ ಕಣಿವೆಯಲ್ಲಿ ಇವು ಬಹಳ. ದೊರೆ ಮೊದಲನೆಯ ಫ್ರಾನ್ಸ್ವಾ ಬೇಟೆಗೆಂದು 1519ರಲ್ಲಿ ಕಟ್ಟಿಸತೊಡಗಿದ ಶಾಂಬೋರ್ ಅವುಗಳಲ್ಲೆಲ್ಲ ದೊಡ್ಡದು. ನಾವು ಹಿಡಿದದ್ದು ತೂರ್ ಪಟ್ಟಣದಾಚೆಯ ಹನ್ನೊಂದು ಕೋಣೆಗಳ ಮನೆ. ಬಿಳಿ ಸುಣ್ಣಕಲ್ಲಿನ ಗೋಡೆ, ಕಪ್ಪು ಸ್ಲೇಟಿನ ಮಾಡು.

ಬೇಸಿಗೆಯಲ್ಲಿ ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಠೇವಣಿ ಕಟ್ಟಿ, ಸಾಮಾನಿನ ಪಟ್ಟಿಗೆ ಸಹಿ ಹಾಕಬೇಕು. ಅಡುಗೆಮನೆ ನಮ್ಮ ಕೈಗೇ ಸಿಗುವುದರಿಂದ ನಮ್ಮಂಥವರಿಗೆ ಹೋಟೆಲಿಗಿಂತ ಇದೇ ಲೇಸು. ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ ಒಯ್ಯುವಂತಿಲ್ಲ; ಅಲ್ಲಿಯೇ ಬೆಣ್ಣೆ ಕೊಂಡು ತುಪ್ಪ ಕಾಸಿದೆವು. ಚೀಸ್ ಮಾತ್ರ ಕೊಳ್ಳಲಿಲ್ಲ. ಅಲ್ಲಿನ ಹಳೆಯ ಪದ್ಧತಿಯ ಚೀಸಿಗೆ ಹೆಚ್ಚಾಗಿ ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕುತ್ತಾರೆ.

ಊಟದ ಸಾಲೆಯ ಗೋಡೆ ತುಂಬ ಜಿಂಕೆಯ ಕೊಂಬುಗಳು. "ಇವುಗಳ ಮುಂದ ಹ್ಯಾಂಗ ಉಣ್ಣೂದು?" ಎಂದು ಅವ್ವ ಹೊಸ್ತಿಲಲ್ಲೇ ನಿಂತಳು. ಅಂಗಳದ ಮರದಡಿ ಮೇಜು ಹಾಕಿದೆವು. ಗಡಿಯಾರದಲ್ಲಿ ರಾತ್ರಿ ಎಂಟು, ಬಿಸಿಲು ಇನ್ನೂ ಗೋಡೆಯ ಮೇಲೆ! ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹತ್ತರ ಸುಮಾರಿಗೆ. ಮಕ್ಕಳು ಅನುಮಾನಿಸಿದಾಗ ಅವ್ವ, "ವ್ರತ ಸೂರ್ಯಾಂದು, ಗಡಿಯಾರದ್ದಲ್ಲ" ಎಂದು ಎಲೆಗೆ ಕುಳಿತಳು.

ಕೊನೆಯ ಸಂಜೆ ಮನೆಯ ಒಡತಿ ಮಾತಿಗೆ ಬಂದರು. ಮಾಡಿನ ದುರಸ್ತಿಯ ಖರ್ಚು ತೂಗಿಸಲೆಂದೇ ಈ ಬಾಡಿಗೆ. ಫ್ರಾನ್ಸಿನ ಕಾನೂನಿನಂತೆ ಆಸ್ತಿಯಲ್ಲಿ ಮಕ್ಕಳಿಗೆಲ್ಲ ಸಮನಾದ ಮೀಸಲು ಪಾಲುಂಟು. ಹಾಗೆಂದು ಮನೆ ಒಡೆಯಬಾರದಲ್ಲ? ಎಷ್ಟೋ ಮನೆತನಗಳು ಮನೆಯನ್ನು ಕುಟುಂಬದ ಕಂಪನಿಯ ಹೆಸರಿಗೆ ಮಾಡಿ, ಮಕ್ಕಳಿಗೆ ಷೇರು ಹಂಚುತ್ತವೆ. ಒಡತಿಯ ಐವರು ಮಕ್ಕಳಿಗೂ ಹಾಗೆಯೇ. ಷೇರು ಪಾಲಾಗಿದೆ, ಮನೆ ಇಡಿಯಾಗಿದೆ.

ಮೂರು ತಲೆಮಾರು ವ್ಯಾಪಾರ ಮಾಡಿದ ನಮಗೆ ಈ ಲೆಕ್ಕ ಹೊಳೆದಿರಲಿಲ್ಲ. ನಾವು ಪಡಸಾಲೆಯ ನಡುವೆ ಇಟ್ಟಂಗಿ ಗೋಡೆ ಎಬ್ಬಿಸಿದವರು. ಒಂದೇ ಸೂರಿನಡಿ ಏಳು ರಾತ್ರಿ ಮಲಗಲು ಸಮುದ್ರ ದಾಟಿ, ಬೇರೆಯವರ ಮನೆಗೆ ದುಡ್ಡು ತೆತ್ತೆವು.

ಎಲ್ಲವನ್ನೂ ಕೇಳಿಸಿಕೊಂಡ ಅವ್ವ ಕೇಳಿದ್ದು ಒಂದೇ ಮಾತು: "ನಮ್ಮ ವಾಡೇದ ಕೀಲಿಕೈ ಯಾರ ಹತ್ತರ ಅದ?"

ನಾಲ್ವರೂ ಮುಖ ಮುಖ ನೋಡಿಕೊಂಡೆವು.

ಬರುವ ದೀಪಾವಳಿಗೆ ಮಹಾವೀರ ಸ್ವಾಮಿಯ ನಿರ್ವಾಣ ಪೂಜೆ ಮುಗಿಸಿ ಎಲ್ಲರೂ ವಾಡೆಯಲ್ಲೇ ಉಣ್ಣುವುದೆಂದು ಗೊತ್ತುಮಾಡಿದ್ದೇವೆ. ನಡುಗೋಡೆಯ ಮಾತನ್ನೂ ಅಂದೇ ಎತ್ತಬೇಕೆಂದಿದ್ದೇನೆ.